ಬಿದಿರಿಗೆ ಶಲ್ಕ ಕೀಟ: ಮೂರು ಸಲ ಎಣ್ಣೆ ಹೊಡೆದರೂ ಒಂದೂ ಉದುರಿಲ್ಲ, ಸತ್ತಿದೆಯಾ ಬದುಕಿದೆಯಾ?

ಹಿತ್ತಲಮೆಳೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನ್ನ ಹತ್ತಿರ ಹಳದಿ ಬಿದಿರಿನ ಒಂದು ಮೆಳೆ ಇದೆ. ಹಳದಿ ಗಳದ ಮೇಲೆ ಹಸಿರು ಗೀರು ಎಳೆದಂತಿರುತ್ತಲ್ಲ, ಅದೇ. ನೆಟ್ಟು ಆರು ವರ್ಷ ಆಯಿತು. ಈಗ 23 ಗಳ ಇವೆ. ಎರಡು ತಿಂಗಳ ಹಿಂದೆ ಯಾಕೋ ಹಳದಿ ಬಣ್ಣ ಮಂಕಾಗಿದೆ ಅನ್ನಿಸಿತು. ಧೂಳು ಇರಬೇಕು ಅಂದುಕೊಂಡು ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದೆ. ಬಟ್ಟೆ ಜಾರಲೇ ಇಲ್ಲ. ಕೈಯಾಡಿಸಿದರೆ ಸ್ಯಾಂಡ್‌ಪೇಪರ್ ಥರ ತರಿತರಿ.

ಕನ್ನಡಕ ಹಾಕಿಕೊಂಡು ನೋಡಿದೆ. ಎಳ್ಳಿಗಿಂತ ಸ್ವಲ್ಪ ಸಣ್ಣದು, ಮೊಟ್ಟೆಯಾಕಾರ, ಹಳದಿ ಮಿಶ್ರಿತ ಹಸಿರು. ಮೇಲೆ ಗಾಜಿನ ಥರ ಹೊಳಪು. ಅಂಚಿನ ಸುತ್ತ ಸಣ್ಣ ಎಳೆಗಳ ಜಾಲರಿ. ಒಂದರ ಪಕ್ಕ ಒಂದು, ಜಾಗವೇ ಇಲ್ಲದ ಹಾಗೆ ಅಂಟಿಕೊಂಡಿವೆ. ಮೊದಲು ಇದು ಬಿದಿರಿನದೇ ಏನೋ ರೋಗ ಅಂದುಕೊಂಡಿದ್ದೆ. ಉಗುರಿನಿಂದ ಒಂದನ್ನು ಎಬ್ಬಿಸಿದಾಗ ಕೆಳಗೆ ಹಳದಿ ರಸ ಬಂತು. ಆಗ ಹುಳು ಅಂತ ಗೊತ್ತಾಯಿತು. ಇದಕ್ಕೆ ಶಲ್ಕ ಕೀಟ ಅಂತಾರೆ ಅಂತ ಆಮೇಲೆ ತಿಳಿಯಿತು.

ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ 12 ದಿನಕ್ಕೊಮ್ಮೆ ಹೊಡೆದೆ. ಮೂರು ಸಲ ಆಯಿತು. ಒಂದೂ ಉದುರಿಲ್ಲ! ಇದ್ದ ಜಾಗದಲ್ಲೇ ಇವೆ. ಎಣ್ಣೆ ಡಬಲ್ ಮಾಡಲಾ? ಅಥವಾ ಕೆಮಿಕಲ್‌ಗೆ ಹೋಗಲಾ?

ಇನ್ನೊಂದು ಮಾತು. ಈಗ ನಾಲ್ಕು ಹೊಸ ಕಳಲೆ ಎದ್ದಿವೆ, ಮೊಣಕಾಲೆತ್ತರ. ಅವಕ್ಕೂ ಹತ್ತಿಬಿಡುತ್ತೇನೋ ಅಂತ ಭಯ. ಮೆಳೆಯಲ್ಲಿ ಇರುವೆಗಳೂ ಓಡಾಡುತ್ತಿವೆ. ಗಣ್ಣಿನ ಹತ್ತಿರ ಒಣಗಿದ ಹೊದಿಕೆ ಇರುತ್ತಲ್ಲ, ಅದರೊಳಗೆ ಹೋಗಿ ಬಂದು ಮಾಡುತ್ತವೆ. ಅದು ಬಿಡಿ, ಇರುವೆ ಎಲ್ಲಿಲ್ಲ.

ಕತ್ತಿಕೈ:

ಸುಮ್ನೆ ತಲೆ ಕೆಡಿಸ್ಕೋಬೇಡಿ. ಬುಡಸಮೇತ ಎಲ್ಲ ಗಳ ಕಡಿದು ಸುಟ್ಟುಬಿಡಿ. ಬಿದಿರು ಅಲ್ವಾ, ಮತ್ತೆ ಬರುತ್ತೆ.

ಪಾಟ್‌ಪ್ರಿಯೆ:

ನನ್ನ ಬಿದಿರಿಗೂ ಹೀಗೇ ಆಗಿತ್ತು. ಗಾಜಿನ ಬಟ್ಟಲಿನಿಂದ ಹೊರಗೆ ತೆಗೆದು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ನೀರು ಬದಲಾಯಿಸಿದೆ. ಎರಡೇ ವಾರದಲ್ಲಿ ಸರಿಹೋಯಿತು.

ಭೂತಗನ್ನಡಿ:

ಪಾಟ್‌ಪ್ರಿಯೆ ಅವರೇ, ನಿಮ್ಮದು ಲಕ್ಕಿ ಬ್ಯಾಂಬೂ. ಹೆಸರಲ್ಲಿ ಮಾತ್ರ ಬಿದಿರು, ಅದು ಡ್ರಸೀನಾ ಜಾತಿಯ ಗಿಡ. ಬಿದಿರು ಹುಲ್ಲಿನ ಕುಟುಂಬದ್ದು. ನೀವು ಹೇಳಿದ ಉಪಾಯ ಗೇಣುದ್ದದ ಗಿಡಕ್ಕೆ ಚೆನ್ನಾಗಿದೆ. 23 ಗಳಕ್ಕೆ ಹತ್ತಿ ಹಿಡಿದು ಕೂತರೆ ಇಡೀ ವರ್ಷ ಬೇಕು.

ಹಿತ್ತಲಮೆಳೆ ಅವರೇ, ನೀವು ವಿವರಿಸಿದ ರೀತಿ ಚೆನ್ನಾಗಿದೆ. ಗಾಜಿನ ಹೊಳಪು, ಹಸಿರು ಹಳದಿ, ಅಂಚಿಗೆ ಜಾಲರಿ ಅಂದರೆ ಅದು ಬಿದಿರನ್ನೇ ಹುಡುಕಿಕೊಂಡು ಬರುವ ಶಲ್ಕ ಕೀಟ. ಶಾಸ್ತ್ರದ ಹೆಸರು ಬಾಂಬೂಸಾಸ್ಪಿಸ್ ಬಾಂಬೂಸೇ. ಹಳೆಯ ಪುಸ್ತಕಗಳಲ್ಲಿ ಆಸ್ಟರೋಲೆಕೇನಿಯಂ ಅಂತ ಇರುತ್ತದೆ. ಹೆಸರು ಬಿಡಿ, ನಿಮ್ಮ ಪ್ರಶ್ನೆಗೆ ಬರ್ತೀನಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಎರಡು ವರ್ಷ ಹಾಳು ಮಾಡಿದವನು.

ಉದುರಲಿಲ್ಲ ಅಂದರೆ ಸತ್ತಿಲ್ಲ ಅಂತಲ್ಲ. ಗಿಡದ ಹೇನಾದರೆ ಸತ್ತ ಮೇಲೆ ಉದುರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಇದು ಹಾಗಲ್ಲ. ನೀವು ನೋಡುತ್ತಿರುವುದು ಹುಳುವನ್ನಲ್ಲ, ಅದರ ಮೇಲಿನ ಮುಚ್ಚಳವನ್ನು. ಅದು ಮೇಣದಂಥ ಪದಾರ್ಥ. ಹುಳು ತಾನೇ ಸುರಿಸಿಕೊಂಡು ತನ್ನ ಸುತ್ತ ಕಟ್ಟಿಕೊಂಡ ಗೂಡು. ಅರಗು ಗೊತ್ತಲ್ಲ, ಲಾಕೆಟ್‌ಗೆ, ಮುದ್ರೆಗೆ ಬಳಸುವುದು? ಅದನ್ನು ಮಾಡುವ ಹುಳುವೂ ಇದೇ ಬಳಗದ್ದು. ಒಳಗಿನ ಜೀವ ಹೋದ ಮೇಲೂ ಮುಚ್ಚಳ ತಿಂಗಳುಗಟ್ಟಲೆ ಹಾಗೇ ಅಂಟಿಕೊಂಡಿರುತ್ತದೆ.

ಬೇರೆ ಮರಗಳಲ್ಲಾದರೆ ತೊಗಟೆ ಬೆಳೆದು ಬಿರುಕು ಬಿಟ್ಟು, ಸಿಪ್ಪೆ ಎದ್ದು, ಅದರ ಜೊತೆ ಇವೂ ಹೋಗುತ್ತವೆ. ಬಿದಿರಿಗೆ ಆ ಭಾಗ್ಯ ಇಲ್ಲ. ಕಳಲೆ ಎಷ್ಟು ದಪ್ಪ ಏಳುತ್ತದೋ ಗಳ ಬದುಕಿರುವವರೆಗೂ ಅಷ್ಟೇ ದಪ್ಪ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟಿ ನಿಂತುಬಿಡುತ್ತದೆ. ಆಮೇಲೆ ಹೊಸ ಚರ್ಮ ಬರುವುದಿಲ್ಲ. ಆದ್ದರಿಂದ ಮೊದಲ ವರ್ಷ ಅಂಟಿದ್ದು ಐದನೇ ವರ್ಷವೂ ಅಲ್ಲೇ ಕಾಣಬಹುದು. ದೂರದಿಂದ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗ್ತೀರಿ.

ಹಾಗಾದರೆ ಗೊತ್ತಾಗುವುದು ಹೇಗೆ? ಒಂದು ಗುಂಡುಸೂಜಿ, ಒಂದು ಭೂತಗನ್ನಡಿ, ಒಂದು ಬಿಳಿ ಕಾಗದ ತೆಗೆದುಕೊಳ್ಳಿ. ಬೆಳಕಿರುವ ಕಡೆ ಒಂದು ಗಳ ಆರಿಸಿ. ಸೂಜಿಯ ಮೊನೆಯನ್ನು ಮುಚ್ಚಳದ ಅಂಚಿಗೆ ಕೊಟ್ಟು ನಿಧಾನವಾಗಿ ಎತ್ತಿ. ಒಳಗೆ ಹಸಿ ಹಳದಿ ರಸ ಬಂದರೆ ಬದುಕಿದೆ. ಒಣಗಿದ ಕಂದು ಚೂರು ಮಾತ್ರ ಇದ್ದರೆ, ಅಥವಾ ಮುಚ್ಚಳವೇ ಪುಡಿಯಾದರೆ ಸತ್ತಿದೆ. ಕೆಲವು ಕಡೆ ದೇಹ ಒಂದು ಮೂಲೆಗೆ ಮುದುಡಿಕೊಂಡು ಉಳಿದ ಜಾಗದಲ್ಲೆಲ್ಲ ಹಿಟ್ಟಿನಂಥ ಕಣ ತುಂಬಿರುತ್ತದೆ. ಅದು ಮೊಟ್ಟೆ. ಮೊಟ್ಟೆ ಇಟ್ಟಂತೆಲ್ಲ ತಾಯಿ ಕುಗ್ಗುತ್ತಾ ಹೋಗಿ ಮಕ್ಕಳಿಗೆ ಜಾಗ ಬಿಡುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಸೂಜಿ ಆಡಿಸಲು ಮನಸ್ಸೇ ಬರಲಿಲ್ಲ. ಆಮೇಲೆ ಬಂತು.

ಇನ್ನೊಂದು ಗುರುತು ನೋಡಿ. ಮುಚ್ಚಳದ ಮೇಲೆ ಕಂಪಾಸಿನಲ್ಲಿ ಕೊರೆದ ಹಾಗೆ ದುಂಡಗಿನ ಪುಟ್ಟ ತೂತು ಇದ್ದರೆ ಖುಷಿಪಡಿ. ಅದು ನಿಮ್ಮ ಎಣ್ಣೆಯ ಕೆಲಸವಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜ ಇವುಗಳೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದ ತಿಂದು, ಬೆಳೆದು, ತೂತು ಮಾಡಿಕೊಂಡು ಹೊರಗೆ ಹಾರುತ್ತದೆ. ಐದಾರು ಗಳಗಳಿಂದ ಸೇರಿಸಿ 50 ಮುಚ್ಚಳ ಎತ್ತಿ. ಹಸಿ ಎಷ್ಟು, ಒಣಗಿದ್ದು ಎಷ್ಟು, ತೂತಿನದ್ದು ಎಷ್ಟು ಬರೆದುಕೊಳ್ಳಿ. ಆ ಲೆಕ್ಕ ಬರುವವರೆಗೆ ಇನ್ನೊಂದು ಹನಿ ಎಣ್ಣೆಯೂ ಹೊಡೆಯಬೇಡಿ.

ಎಣ್ಣೆ ಡಬಲ್ ಮಾಡಬೇಡಿ. ನಾನು ಮಾಡಿದ್ದೆ. ಅದೂ ಉರಿಬಿಸಿಲಿನ ಮಧ್ಯಾಹ್ನ. ಮೂರನೇ ದಿನಕ್ಕೆ ಎಲೆಗಳ ತುದಿಯೆಲ್ಲ ಸುಟ್ಟ ಕಾಗದದ ಹಾಗೆ ಕಂದಾಯಿತು. ಹುಳು ಮಾತ್ರ ಆರಾಮಾಗಿತ್ತು. ಎಣ್ಣೆ ವಿಷದ ಥರ ಕೆಲಸ ಮಾಡುವುದಕ್ಕಿಂತ ಜಾಸ್ತಿ ಉಸಿರುಗಟ್ಟಿಸುತ್ತದೆ. ಅದು ತಾಗಬೇಕಾದ್ದು ಮರಿಗೆ. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು ಇರುತ್ತವೆ, ಮುಚ್ಚಳ ಇರುವುದಿಲ್ಲ. ಒಂದೆರಡು ದಿನ ಗಳದ ಮೇಲೆ ತೆವಳಿ, ಹಿಡಿಸಿದ ಜಾಗದಲ್ಲಿ ಸೂಜಿಯಂಥ ಬಾಯಿ ನೆಟ್ಟು ಕೂರುತ್ತದೆ. ಹಾಗೆ ಕೂತ ಹೆಣ್ಣು ಮತ್ತೆ ಏಳುವುದಿಲ್ಲ, ಕಾಲೂ ಹೋಗುತ್ತವೆ. ನಿಮ್ಮ ಎಣ್ಣೆಗೆ ಸಿಕ್ಕುವ ಸಮಯ ಆ ತೆವಳುವ ದಿನಗಳು, ಮತ್ತೆ ಮುಚ್ಚಳ ಗಟ್ಟಿಯಾಗುವ ಮುಂಚಿನ ಕೆಲವು ದಿನಗಳು.

ಮರಿ ಯಾವಾಗ ಓಡಾಡುತ್ತದೆ ಅಂತ ತಿಳಿಯಲು ಎರಡೂ ಬದಿ ಅಂಟಿರುವ ಟೇಪನ್ನು ಎರಡು ಮೂರು ಗಳಕ್ಕೆ ಬಳೆಯ ಹಾಗೆ ಸುತ್ತಿ. ನಾಲ್ಕು ದಿನಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡಿ. ಅರಿಶಿನದ ಪುಡಿ ಉದುರಿದ ಹಾಗೆ ಹಳದಿ ಚುಕ್ಕೆ ಅಂಟಿದ್ದರೆ ಮರಿ ಹೊರಟಿವೆ ಅಂತ ಅರ್ಥ. ಆಗ ಸಂಜೆ ಹೊತ್ತು ಹೊಡೆಯಿರಿ. ಹಿಂದಿನ ದಿನ ಬುಡಕ್ಕೆ ನೀರು ಕೊಟ್ಟಿರಿ, ಬಾಡಿದ ಗಿಡಕ್ಕೆ ಎಣ್ಣೆ ಹೊಡೆದರೆ ಸುಡುತ್ತದೆ.

ಕೆಮಿಕಲ್ ವಿಷಯ. ಅಂಗಡಿಯಲ್ಲಿ ಕೇಳಿದ್ದಕ್ಕೆ ಯಾವುದೋ ಎರಡನ್ನು ಬೆರೆಸಿ ಕೊಟ್ಟರು. ಎರಡನೇ ವರ್ಷ ಅದನ್ನೇ ಹೊಡೆದೆ. ಮಾರನೇ ದಿನ ಮೆಳೆಯ ಕೆಳಗೆ ಗುಲಗಂಜಿ ಹುಳುಗಳು ಅಂಗಾತ ಬಿದ್ದಿದ್ದವು. ಅವುಗಳು ಅಲ್ಲಿದ್ದವು ಅನ್ನೋದೇ ನನಗೆ ಗೊತ್ತಿರಲಿಲ್ಲ, ಸತ್ತ ಮೇಲೆ ಕಂಡವು. ಶಲ್ಕ ಕೀಟವನ್ನು ತಿನ್ನುತ್ತಿದ್ದವು ಅವೇ. ಆ ವರ್ಷ ಬಂದ ಹೊಸ ಗಳಗಳಿಗೆ ಹಿಂದೆಂದೂ ಕಾಣದಷ್ಟು ಹತ್ತಿತು.

ಕತ್ತಿಕೈ ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಎಲ್ಲ ಕಡಿದರೆ ಗಡ್ಡೆಯಲ್ಲಿ ಉಳಿದ ಶಕ್ತಿಯಿಂದ ಮತ್ತೆ ಬರುತ್ತದೆ, ನಿಜ. ಆದರೆ ಸಣಕಲು ಗಳ ಬರುತ್ತದೆ. ಮತ್ತೆ ಈ ದಪ್ಪಕ್ಕೆ ಬರಲು ವರ್ಷಗಳು ಬೇಕು. ಹಳೆಯ ಗಳ, ಜಾಸ್ತಿ ಹತ್ತಿದ ಗಳ ನೋಡಿ ಆರೇಳನ್ನು ನೆಲಮಟ್ಟಕ್ಕೆ ಕಡಿಯಿರಿ, ಸಾಕು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಕಡಿದದ್ದನ್ನು ಮೆಳೆಗೆ ಒರಗಿಸಿ ಇಡಬೇಡಿ. ಗಳ ಒಣಗುವಷ್ಟರಲ್ಲಿ ಮರಿಗಳು ಪಕ್ಕದ್ದಕ್ಕೆ ದಾಟಿರುತ್ತವೆ.

ಕೊನೆಗೆ, ನೀವು 'ಅದು ಬಿಡಿ' ಅಂದಿರಲ್ಲ, ಆ ಇರುವೆ. ಅದನ್ನು ಮಾತ್ರ ಬಿಡಬೇಡಿ. ಇರುವೆ ಸುಮ್ನೆ ಹೊದಿಕೆಯೊಳಗೆ ನುಸುಳುವುದಿಲ್ಲ. ಹಳೆಯ ಗಳದಲ್ಲಿ ಒಣಗಿ ಸಡಿಲವಾದ ಒಂದು ಹೊದಿಕೆ ಬಿಚ್ಚಿ ನೋಡಿ ಹೇಳಿ. ಹೊಸ ಕಳಲೆಯದನ್ನು ಮುಟ್ಟಬೇಡಿ! ಅದರೊಳಗಿನ ಕಾಂಡ ಇನ್ನೂ ಎಳೆಯದು, ಹೊದಿಕೆ ಕಿತ್ತರೆ ಬೆಳವಣಿಗೆ ಕೆಡುತ್ತದೆ.

ಹಿತ್ತಲಮೆಳೆ:

ಭೂತಗನ್ನಡಿ ಅವರೇ, ಇಷ್ಟು ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಕೂತು ಲೆಕ್ಕ ಮಾಡಿದೆ. ಐದು ಗಳ, ಒಂದೊಂದರಲ್ಲಿ ಹತ್ತು. ಕುತ್ತಿಗೆ ಹಿಡಿದುಕೊಂಡಿದೆ.

ಒಣಗಿದ್ದು 31. ಹಸಿ 11. ತೂತಿನದ್ದು 8.

ಅಂದರೆ ಎಣ್ಣೆ ಕೆಲಸ ಮಾಡಿದೆ! ನಾನು ಸತ್ತ ಹುಳಕ್ಕೆ ಮೂರನೇ ಸಲ ಹೊಡೆಯುತ್ತಿದ್ದೆನೋ ಏನೋ. ಹಸಿ ಸಿಕ್ಕಿದ್ದು ಹೆಚ್ಚಾಗಿ ಗಳದ ಹಿಂಬದಿಯಲ್ಲಿ, ಮೆಳೆಯ ಒಳಮುಖಕ್ಕೆ. ಅಲ್ಲಿಗೆ ಪಂಪಿನ ನಳಿಕೆ ಸರಿಯಾಗಿ ಹೋಗುವುದಿಲ್ಲ. ಎಲೆಯ ಮೇಲೂ ಕೆಲವು ಇದ್ದವು. ಅವು ಕೂತ ಕಡೆ ಹಳದಿ ಮಚ್ಚೆ.

ಈಗ ಇರುವೆ ಕಥೆ. ಹೊದಿಕೆ ಬಿಚ್ಚಿದೆ. ಒಳಗೆ ಗಣ್ಣಿನ ಉಂಗುರದ ಉದ್ದಕ್ಕೂ ಬಿಳಿ ಹತ್ತಿಯ ಉಂಡೆಗಳು, ಸಾಲಾಗಿ. ಒಂದನ್ನು ಒತ್ತಿದರೆ ಕಪ್ಪು ನೇರಳೆ ರಸ. ಕೆಲವಕ್ಕೆ ಹಿಂದೆ ಬಿಳಿ ಕೂದಲಿನಂಥ ಎಳೆ. ಹೊದಿಕೆಯ ಒಳಮೈ ಮಸಿ ಬಳಿದ ಹಾಗೆ ಕಪ್ಪು. ಇದೂ ಅದೇ ಹುಳುವಾ?

ಭೂತಗನ್ನಡಿ:

ಅಲ್ಲ. ಇದು ಬಿದಿರಿನ ಹಿಟ್ಟು ತಿಗಣೆ, ಆಂಟೊನಿನಾ ಅನ್ನುವ ಕುಲದ್ದು. ಶಲ್ಕ ಕೀಟದ ದಾಯಾದಿ ಅನ್ನಿ. ಬೆಳೆದ ಹೆಣ್ಣಿಗೆ ಕಾಲಿಲ್ಲ, ಬಿಳಿ ಚೀಲದೊಳಗೆ ಕೂತು ರಸ ಹೀರುತ್ತದೆ. ನೀವು ಕೂದಲು ಅಂದಿರಲ್ಲ, ಅದು ಮೇಣದ ಕೊಳವೆ. ಹೀರಿದ ಸಿಹಿ ನೀರು ತನ್ನ ಮೈಮೇಲೆ ಬೀಳದ ಹಾಗೆ ದೂರಕ್ಕೆ ಬಿಡಲು ಮಾಡಿಕೊಂಡ ಏರ್ಪಾಟು. ಇರುವೆ ಬರುವುದು ಆ ಸಿಹಿಗೆ. ಅದೇ ಸಿಹಿಯ ಮೇಲೆ ಬೆಳೆಯುವ ಬೂಷ್ಟು ಆ ಮಸಿ.

ಸ್ಪ್ರೇ ಇವುಗಳಿಗೆ ತಾಗುವುದೇ ಇಲ್ಲ. ಹೊದಿಕೆಯೇ ಕೊಡೆ. ಅದಕ್ಕೇ ಹಳೆಯ ಗಳಗಳ ಒಣ ಹೊದಿಕೆಗಳನ್ನು ಒಂದೊಂದಾಗಿ ತೆಗೆಯಿರಿ. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಹೊದಿಕೆಯ ಬೆನ್ನ ಮೇಲೆ ಕಂದು ಮುಳ್ಳುಗೂದಲು ಇರುತ್ತದೆ, ಚರ್ಮಕ್ಕೆ ಚುಚ್ಚಿದರೆ ಎರಡು ದಿನ ತುರಿಕೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್, ಸೋಪು ನೀರು. ಗಣ್ಣಿನ ಸುತ್ತ ಉಜ್ಜಿ ತೊಳೆದರೆ ಮುಗಿಯಿತು.

ಬುಡಕ್ಕೆ ಹಾಕುವ, ಗಿಡದ ರಸದಲ್ಲೇ ಸೇರುವ ಔಷಧಿಗಳೂ ಇವೆ. ಹಿಟ್ಟು ತಿಗಣೆಗೆ ಕೆಲಸ ಮಾಡುತ್ತವೆ. ಆದರೆ ಕಳಲೆ ತಿನ್ನುವ ಯೋಚನೆ ಇದ್ದರೆ ಅದು ಬೇಡವೇ ಬೇಡ.

ಇನ್ನು ನಿಮ್ಮ ಲೆಕ್ಕದಲ್ಲಿ ನನಗೆ ಹಿಡಿಸಿದ್ದು ಆ 8. ಐವತ್ತರಲ್ಲಿ ಎಂಟು ತೂತು ಅಂದರೆ ಕಣಜ ಕೆಲಸ ಶುರು ಮಾಡಿವೆ. ಇರುವೆಗಳು ಹಿಟ್ಟು ತಿಗಣೆಯನ್ನು ಕಾಯಲು ನಿಂತು ಇಂಥ ಕಣಜ, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಇರುವೆ ಕಡಿಮೆಯಾದರೆ ನಿಮ್ಮ ಕೆಲಸ ಅರ್ಧ ಹಗುರ.

ಕಣಜ ಅಂದಾಗ ನೆನಪಾಯಿತು. ಇದೇ ಆಂಟೊನಿನಾದ ಇನ್ನೊಂದು ಜಾತಿ ಹುಲ್ಲುಗಾವಲಿಗೆ ಬಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ ದನಕ್ಕೆ ಮೇವಿಲ್ಲದ ಹಾಗೆ ಮಾಡಿತ್ತು. 1959ರಲ್ಲಿ ಭಾರತದಿಂದ ಒಂದು ಪುಟ್ಟ ಕಣಜ ತರಿಸಿಕೊಂಡರು, ನಿಯೋಡುಸ್ಮೇಷಿಯಾ ಸಾಂಗ್ವಾನಿ ಅಂತ. ಹುಳವನ್ನು ಚೆನ್ನಾಗಿ ಕೊಲ್ಲುತ್ತಿತ್ತು. ಆದರೆ ಹೆಣ್ಣು ಕಣಜಕ್ಕೆ ಹಾರಲು ಬರುವುದಿಲ್ಲ! ನಡೆದುಕೊಂಡು ಟೆಕ್ಸಾಸ್ ಯಾವಾಗ ಮುಗಿಸಬೇಕು? ಕೊನೆಗೆ ಕಣಜ ಇರುವ ಹುಲ್ಲಿನ ಕಡ್ಡಿಗಳನ್ನು ವಿಮಾನದಿಂದ ಉದುರಿಸಿದರು. ಅದು ಫಲ ಕೊಟ್ಟಿತು. ಆಕಾಶದಿಂದ ಹುಲ್ಲುಕಡ್ಡಿ ಬೀಳುತ್ತಿದ್ದಾಗ ಕೆಳಗಿದ್ದ ದನಗಳು ಏನಂದುಕೊಂಡವೋ.

ಕತ್ತಿಕೈ:

ಸರಿ, ಎಲ್ಲ ಕಡಿಯೋದು ಬೇಡ ಅಂದ್ರಿ, ಒಪ್ಪಿದೆ. ಆದರೆ ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಮೆಳೆ ಎಷ್ಟು ಒತ್ತಾಗಿದೆ? ಗೊಬ್ಬರ ಏನು ಹಾಕ್ತೀರಿ? ನಾನು ನೋಡಿದ ಹಾಗೆ, ಯೂರಿಯಾ ಜಾಸ್ತಿ ಬಿದ್ದು ಸೊಂಪಾಗಿ ಬೆಳೆದ ಮೆಳೆಗೆ ಇವೆಲ್ಲ ಬೇಗ ಹತ್ತುತ್ತವೆ.

ಹಿತ್ತಲಮೆಳೆ:

ಕತ್ತಿಕೈ ಅವರೇ, ಸಿಕ್ಕಿಬಿದ್ದೆ. ಹೋದ ವರ್ಷ ಬೇಗ ದಟ್ಟವಾಗಲಿ ಅಂತ ಎರಡು ಸಲ ಯೂರಿಯಾ ಸುರಿದಿದ್ದೆ. ಒಳಗಡೆ ಕೈ ಹಾಕಲೂ ಆಗದಷ್ಟು ಒತ್ತಾಗಿದೆ. ಅದೇ ವರ್ಷ ಬೇರೆ ಮೆಳೆಯಿಂದ ಬೇರುಸಮೇತ ಒಂದು ತುಂಡು ತಂದು ಪಕ್ಕದಲ್ಲೇ ನೆಟ್ಟೆ. ಈಗ ಹೋಗಿ ಅದರ ಹೊದಿಕೆ ಬಿಚ್ಚಿ ನೋಡಿದರೆ ಎಲ್ಲಕ್ಕಿಂತ ಜಾಸ್ತಿ ಬಿಳಿ ಉಂಡೆ ಇರುವುದು ಅದರಲ್ಲೇ. ದುಡ್ಡು ಕೊಡದೆ ಸಿಕ್ಕಿತು ಅಂತ ಖುಷಿಪಟ್ಟಿದ್ದೆ.

ಭೂತಗನ್ನಡಿ:

ಅಲ್ಲಿಗೆ ಗೊತ್ತಾಯಿತು. ಈ ಹುಳುಗಳು ತಾವಾಗಿ ದೂರ ಹೋಗುವುದು ಗಾಳಿಗೆ ಸಿಕ್ಕ ಮರಿಗಳು ಮಾತ್ರ. ದೇಶದಿಂದ ದೇಶಕ್ಕೆ ಹಬ್ಬಿದ್ದೆಲ್ಲ ನಮ್ಮ ಕೈಯಲ್ಲಿ ಸಾಗಿದ ಗಿಡದ ಜೊತೆಗೇ. ಆ ತುಂಡನ್ನು ಕಿತ್ತುಹಾಕಿ. ಮುಂದೆ ತಂದರೆ ಮೊದಲು ಎಲ್ಲ ಹೊದಿಕೆ ತೆಗೆದು, ಗಣ್ಣು ಉಜ್ಜಿ, ಒಂದೆರಡು ತಿಂಗಳು ಬೇರೆ ಕಡೆ ಕುಂಡದಲ್ಲಿ ಇಟ್ಟು ನೋಡಿ.

ಹಿತ್ತಲಮೆಳೆ:

ಏಳು ವಾರದ ನಂತರ ಬರೀತಿದ್ದೇನೆ.

ಏಳು ಗಳ ಕಡಿದೆ, ಆ ಬಿಟ್ಟಿ ಗಿಡವನ್ನೂ ಕಿತ್ತೆ. ಈಗ ಮೆಳೆಯ ಒಳಗೆ ಬೆಳಕು ಬೀಳುತ್ತದೆ, ನಳಿಕೆಯೂ ಹೋಗುತ್ತದೆ. ಹೊದಿಕೆ ಬಿಚ್ಚುವ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಮುಳ್ಳುಗೂದಲಿನ ವಿಷಯ ನೀವು ಹೇಳಿದ್ದಿರಿ, ಆದರೂ ಮೊದಲ ದಿನ ಅರ್ಧ ತೋಳಿನ ಅಂಗಿಯಲ್ಲೇ ಹೋಗಿದ್ದೆ. ಹೇಳುವುದು ಬೇಡ.

ಟೇಪ್ ಸುತ್ತಿದ ಒಂಬತ್ತನೇ ದಿನ ಹಳದಿ ಪುಡಿ ಕಂಡಿತು. ಒಂದು ಸುತ್ತಿನಲ್ಲೇ 40ಕ್ಕೂ ಜಾಸ್ತಿ. ಅವತ್ತು ಸಂಜೆಯೇ ಹೊಡೆದೆ, 12 ದಿನ ಬಿಟ್ಟು ಇನ್ನೊಮ್ಮೆ. ಅದೇ 5 ಮಿಲಿ. ಮೊನ್ನೆ ಹಾಕಿದ ಹೊಸ ಟೇಪಿನಲ್ಲಿ ಮೂರೇ ಚುಕ್ಕೆ. ನಾಲ್ಕು ಕಳಲೆಯೂ ಈಗ ನನಗಿಂತ ಎಷ್ಟೋ ಎತ್ತರ. ಕೆಳಗಿನ ಹೊದಿಕೆಗಳು ತಾವಾಗಿ ಸಡಿಲವಾಗಿವೆ, ತೆಗೆದು ಕೈಯಾಡಿಸಿದೆ. ಗಾಜಿನ ಹಾಗೆ ನುಣುಪು. ಒಂದರಲ್ಲಿ ಮಾತ್ರ ಐದಾರು ಶಲ್ಕ ಕೀಟ ಕೂತಿದ್ದವು, ಉಗುರಲ್ಲೇ ತೆಗೆದೆ.

ಹಳೆಯ ಗಳದ ಸತ್ತ ಮುಚ್ಚಳಗಳನ್ನೂ ಬ್ರಷ್ ಹಾಕಿ ಉಜ್ಜಿದೆ. ಉದುರಿದವು, ಆದರೆ ಒಂದೊಂದು ಇದ್ದ ಕಡೆಯೂ ಒಂದೊಂದು ಮಾಸಲು ಚುಕ್ಕೆ ಉಳಿದಿದೆ. ಇಡೀ ಗಳಕ್ಕೆ ಸಿಡುಬು ಎದ್ದು ಹೋದ ಹಾಗೆ. ಆ ಕಲೆ ಯಾವಾಗ ಹೋಗುತ್ತದೆ?

ಭೂತಗನ್ನಡಿ:

ಹೋಗಲ್ಲ. ಹೊಸ ಚರ್ಮ ಬರೋದಿಲ್ಲ ಅಂತ ಮೊದಲೇ ಹೇಳಿದ್ದೆನಲ್ಲ. ಮುಂದಿನ ವರ್ಷ ಕಡಿಯುವಾಗ ಮೊದಲು ಅವನ್ನೇ ಕಡಿಯಿರಿ.